ಜಾವಳ

ಜಾವಳ ಎಂದರೆ ಮಗುವಿನ ಹುಟ್ಟುಗೂದಲನ್ನು ಮೊದಲ ಬಾರಿಗೆ ತೆಗೆಸುವ ಸಂಪ್ರದಾಯ. ವೈದಿಕ ಪರಂಪರೆಯಲ್ಲಿ ಇದನ್ನು ಚೌಲ, ಚೂಡಾಕರ್ಮ ಅಥವಾ ಚೂಡಾಕರಣ ಎಂದು ಕರೆಯುತ್ತಾರೆ. ಇದು 16 ಸಂಸ್ಕಾರಗಳಲ್ಲಿ ಒಂದಾಗಿದೆ. ಕರ್ನಾಟಕದಲ್ಲಿ ಅನೇಕ ಸಮುದಾಯಗಳು ಪುರೋಹಿತರಿಲ್ಲದೆಯೂ ಮನೆದೇವರ ಸನ್ನಿಧಿಯಲ್ಲಿ ಇದನ್ನು ನೆರವೇರಿಸುತ್ತವೆ. ಹಿರಿಯರಿಗೆ ಇದು ಹರಕೆ ಮತ್ತು ಸಂಭ್ರಮ. ಮಗುವಿಗಾದರೋ ಅಪರಿಚಿತನೊಬ್ಬ ಹರಿತವಾದ ಸಾಧನ ಹಿಡಿದು ತಲೆ ಮುಟ್ಟುವ ಮೊದಲ ಸಂದರ್ಭ. ಆದ್ದರಿಂದ ಆಚರಣೆಯ ವಿಧಿಯಷ್ಟೇ ಮಗುವನ್ನು ಅದಕ್ಕೆ ಸಿದ್ಧಗೊಳಿಸುವ ಕ್ರಮವೂ ಮುಖ್ಯವಾಗುತ್ತದೆ.

ಹೆಸರುಗಳು

‘ಚೂಡಾ’ ಎಂಬ ಸಂಸ್ಕೃತ ಪದಕ್ಕೆ ಶಿಖೆ ಅಥವಾ ಜುಟ್ಟು ಎಂದರ್ಥ. ಚೌಲ ಎಂಬ ಹೆಸರು ಇದರಿಂದಲೇ ಬಂದಿದೆ. ಮೂಲತಃ ಈ ಸಂಸ್ಕಾರದ ಉದ್ದೇಶ ತಲೆಯನ್ನು ಪೂರ್ಣವಾಗಿ ಬೋಳಿಸುವುದಲ್ಲ, ಉಳಿದ ಕೂದಲನ್ನು ತೆಗೆದು ಶಿಖೆಯನ್ನು ಬಿಡುವುದು. ಶಿಖೆಯ ಸ್ಥಾನ ಮತ್ತು ಸಂಖ್ಯೆ ಗೋತ್ರದಿಂದ ಗೋತ್ರಕ್ಕೆ ಬೇರೆಯಾಗಿತ್ತು. ವಸಿಷ್ಠ ಕುಲದವರು ಬಲಭಾಗದಲ್ಲಿ ಜುಟ್ಟು ಬಿಡುತ್ತಿದ್ದರೆಂಬುದಕ್ಕೆ ಋಗ್ವೇದದ 7ನೆಯ ಮಂಡಲದಲ್ಲಿಯೇ ಉಲ್ಲೇಖವಿದೆ. ಜಾವಳ ಎಂಬ ಪದ ಉತ್ತರ ಕರ್ನಾಟಕದಲ್ಲಿ ಹೆಚ್ಚು ಬಳಕೆಯಲ್ಲಿದೆ, ಮರಾಠಿಯಲ್ಲಿಯೂ ಇದೇ ಪದವಿದೆ. ಹಳೆಯ ಮೈಸೂರು ಭಾಗದಲ್ಲಿ ‘ಮುಡಿ ಕೊಡುವುದು’, ‘ಮುಡಿ ತೆಗೆಸುವುದು’ ಎನ್ನುತ್ತಾರೆ. ಆದರೆ ಮುಡಿ ಕೊಡುವುದು ಮಕ್ಕಳಿಗೆ ಮಾತ್ರ ಸೀಮಿತವಲ್ಲ. ಹರಕೆ ಹೊತ್ತ ದೊಡ್ಡವರೂ ಮುಡಿ ಒಪ್ಪಿಸುತ್ತಾರೆ.

ಗೃಹ್ಯಸೂತ್ರಗಳಲ್ಲಿ

ಆಶ್ವಲಾಯನ ಗೃಹ್ಯಸೂತ್ರವು ಮಗುವಿನ 3ನೆಯ ವರ್ಷದಲ್ಲಿ ಅಥವಾ ಕುಲಾಚಾರದಂತೆ ಚೌಲವನ್ನು ಮಾಡಬೇಕೆಂದು ಹೇಳುತ್ತದೆ. ಮನುಸ್ಮೃತಿಯು 1ನೆಯ ಅಥವಾ 3ನೆಯ ವರ್ಷವನ್ನು ಸೂಚಿಸುತ್ತದೆ. ಹೆಣ್ಣುಮಕ್ಕಳಿಗೂ ಈ ಕ್ರಿಯೆಯನ್ನು ಮಂತ್ರಗಳಿಲ್ಲದೆ ಮಾಡಬೇಕೆಂದು ಆಶ್ವಲಾಯನರು ವಿಧಿಸಿದ್ದಾರೆ.

ಸೂತ್ರದಲ್ಲಿ ವಿವರಿಸಿರುವ ವಿಧಾನದಲ್ಲಿ ಮಗುವಿನ ಸುರಕ್ಷತೆಯ ಕಾಳಜಿ ಎದ್ದು ಕಾಣುತ್ತದೆ. ತಾಯಿಯು ಮಗುವನ್ನು ಮಡಿಲಲ್ಲಿ ಕೂರಿಸಿಕೊಂಡು ಅಗ್ನಿಯ ಪಶ್ಚಿಮಕ್ಕೆ ಕುಳಿತುಕೊಳ್ಳುತ್ತಾಳೆ. ತಂದೆಯು ತಣ್ಣೀರು ಬಿಸಿನೀರುಗಳನ್ನು ಬೆರೆಸಿ, ಆ ನೀರಿನೊಂದಿಗೆ ಬೆಣ್ಣೆ ಅಥವಾ ಮೊಸರಿನ ಹನಿಗಳನ್ನು ತೆಗೆದುಕೊಂಡು ಮಗುವಿನ ತಲೆಯನ್ನು ಮೂರು ಬಾರಿ ತೋಯಿಸುತ್ತಾನೆ. ಕೂದಲಿನ ನಡುವೆ ದರ್ಭೆಗಳನ್ನಿಟ್ಟು, ಮಗುವನ್ನು ಕಾಪಾಡುವಂತೆ ಆ ಹುಲ್ಲನ್ನೂ ಹಿಂಸಿಸದಿರುವಂತೆ ಕತ್ತಿಯನ್ನೂ ಪ್ರಾರ್ಥಿಸುತ್ತಾನೆ. ಕೊನೆಗೆ ಕ್ಷೌರಿಕನಿಗೆ ನೀಡುವ ಆಜ್ಞೆಯೂ ಇದೇ ಬಗೆಯದು: ಬೆಚ್ಚಗಿನ ನೀರಿನಿಂದ, ಮಗುವಿಗೆ ನೋವಾಗದಂತೆ ಕೆಲಸ ಪೂರೈಸಬೇಕು. ತಾಯಿಯ ಮಡಿಲು, ಉಗುರುಬೆಚ್ಚನೆಯ ನೀರು, ಮೆದುಗೊಳಿಸಿದ ಕೂದಲು, ಎಚ್ಚರಿಕೆಯ ಕೈ ಇವು ನಾಲ್ಕೂ ಇಂದಿಗೂ ಮಗುವಿನ ಮೊದಲ ಕ್ಷೌರಕ್ಕೆ ಅಗತ್ಯವಾದವುಗಳೇ. ಮುಹೂರ್ತದ ಚರ್ಚೆಯಲ್ಲಿ ಈ ಭಾಗ ಸಾಮಾನ್ಯವಾಗಿ ಮರೆತುಹೋಗುತ್ತದೆ.

ಕರ್ನಾಟಕದಲ್ಲಿ ಆಚರಣೆ

ಬ್ರಾಹ್ಮಣ ಕುಟುಂಬಗಳಲ್ಲಿ ಈಗ ಚೌಲವನ್ನು ಉಪನಯನದ ದಿನವೇ ಅದರ ಪೂರ್ವಾಂಗವಾಗಿ ಮಾಡುವುದು ರೂಢಿಯಾಗಿದೆ. ಅಷ್ಟರಲ್ಲಿ ಬಾಲಕನಿಗೆ ಹಲವು ಬಾರಿ ಕ್ಷೌರವಾಗಿರುವುದರಿಂದ ಅಲ್ಲಿ ಚೌಲವು ಹೆಸರಿಗಷ್ಟೇ ಮೊದಲ ಕ್ಷೌರ. ಇತರ ಅನೇಕ ಸಮುದಾಯಗಳಲ್ಲಿ ಮಗುವಿಗೆ ಒಂಬತ್ತು ಅಥವಾ ಹನ್ನೊಂದು ತಿಂಗಳಾದಾಗ, ಇಲ್ಲವೇ ಒಂದು, ಮೂರು, ಐದು ಹೀಗೆ ಬೆಸಸಂಖ್ಯೆಯ ವರ್ಷದಲ್ಲಿ ಜಾವಳ ತೆಗೆಸುತ್ತಾರೆ. ತಾಯಿ ಮತ್ತೆ ಗರ್ಭಿಣಿಯಾಗಿದ್ದರೆ ಮುಂದೂಡುವುದುಂಟು.

ಸೋದರಮಾವನಿಗೆ ಇಲ್ಲಿ ವಿಶೇಷ ಸ್ಥಾನವಿದೆ. ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಮೊದಲ ಎಳೆಯನ್ನು ಕತ್ತರಿಸುವವನು ಅವನೇ. ಬಳಿಕ ಕ್ಷೌರಿಕರು ಉಳಿದ ಕೂದಲನ್ನು ತೆಗೆಯುತ್ತಾರೆ. ಸೋದರಮಾವ ಹೊಸ ಬಟ್ಟೆ ಉಡುಗೊರೆ ಕೊಡುತ್ತಾನೆ, ಕ್ಷೌರಿಕರಿಗೆ ಅಕ್ಕಿ, ತೆಂಗಿನಕಾಯಿ, ವೀಳ್ಯದೆಲೆ, ದಕ್ಷಿಣೆಗಳು ಸಲ್ಲುತ್ತವೆ. ತೆಗೆದ ಕೂದಲನ್ನು ನೆಲಕ್ಕೆ ಬೀಳಗೊಡದೆ ಸೋದರತ್ತೆಯು ಸೆರಗಿನಲ್ಲಿ ಅಥವಾ ತಟ್ಟೆಯಲ್ಲಿ ಹಿಡಿದು, ನಂತರ ಹರಿಯುವ ನೀರಿಗೆ ಬಿಡುವ ಪದ್ಧತಿಯೂ ಕೆಲವೆಡೆ ಇದೆ. ನಂಜನಗೂಡು, ಮಲೆ ಮಹದೇಶ್ವರ ಬೆಟ್ಟ, ಧರ್ಮಸ್ಥಳ, ಸವದತ್ತಿ ಮುಂತಾದ ಕ್ಷೇತ್ರಗಳಿಗೂ ಆಂಧ್ರಪ್ರದೇಶದ ತಿರುಮಲಕ್ಕೂ ಕನ್ನಡ ಕುಟುಂಬಗಳು ಈ ಕಾರಣಕ್ಕಾಗಿ ಹೋಗುತ್ತವೆ. ತಿರುಮಲದಲ್ಲಿ ಮುಡಿ ತೆಗೆಯುವ ಸ್ಥಳಕ್ಕೆ ಕಲ್ಯಾಣಕಟ್ಟ ಎಂದು ಹೆಸರು. ಅಲ್ಲಿ ಕ್ಷೌರಕ್ಕೆ ಶುಲ್ಕವಿಲ್ಲ.

ಮಗುವನ್ನು ಸಿದ್ಧಗೊಳಿಸುವುದು

ಮೊದಲ ಕ್ಷೌರದಲ್ಲಿ ಮಗು ಅಳುವುದಕ್ಕೆ ನೋವು ಕಾರಣವಲ್ಲ, ಏಕೆಂದರೆ ಕೂದಲಿಗೆ ನರಗಳಿಲ್ಲ. ಅಪರಿಚಿತ ಮುಖ, ಯಂತ್ರದ ಗುಂಯ್‌ಗುಡುವಿಕೆ, ಕತ್ತಿನ ಸುತ್ತ ಬಿಗಿದ ಬಟ್ಟೆ, ತಲೆಯನ್ನು ಒತ್ತಿ ಹಿಡಿಯುವ ಕೈಗಳು ಇವೇ ಮಗುವನ್ನು ಬೆದರಿಸುತ್ತವೆ. ಹತ್ತಾರು ನೆಂಟರು ಸುತ್ತುವರಿದು ಒಟ್ಟಿಗೆ ಸಮಾಧಾನ ಹೇಳತೊಡಗಿದರೆ ಭಯ ಇನ್ನೂ ಹೆಚ್ಚುತ್ತದೆ. ಎಂಟು ತಿಂಗಳಿನಿಂದ ಒಂದೂವರೆ ವರ್ಷದವರೆಗೆ ಮಕ್ಕಳಲ್ಲಿ ಅಪರಿಚಿತರ ಬಗೆಗಿನ ಅಂಜಿಕೆ ಸಹಜವಾಗಿಯೇ ತೀವ್ರವಾಗಿರುತ್ತದೆ. ಜಾವಳಕ್ಕೆ ಪ್ರಶಸ್ತವೆನ್ನುವ ವಯಸ್ಸೂ ಬಹುಮಟ್ಟಿಗೆ ಇದೇ ಆಗಿರುವುದು ಕಾಕತಾಳೀಯ.

ಸಿದ್ಧತೆಯನ್ನು ಕೆಲವು ದಿನಗಳ ಮೊದಲೇ ಆರಂಭಿಸುವುದು ಒಳ್ಳೆಯದು. ಸ್ನಾನದ ವೇಳೆ ತಲೆಯನ್ನು ನಿಧಾನವಾಗಿ ನೇವರಿಸುವುದು, ಬಾಚಣಿಗೆಯನ್ನು ಮಗುವಿನ ಕೈಗೇ ಕೊಡುವುದು, ತಂದೆ ಅಥವಾ ಅಣ್ಣ ಕ್ಷೌರ ಮಾಡಿಸಿಕೊಳ್ಳುವಾಗ ಜೊತೆಯಲ್ಲಿ ಕರೆದೊಯ್ದು ತೋರಿಸುವುದು ಸುಲಭವಾದ ಕ್ರಮಗಳು. ಟ್ರಿಮ್ಮರ್ ಬಳಸುವುದಾದರೆ ಅದನ್ನು ಮೊದಲು ದೂರದಲ್ಲಿ ಚಾಲೂ ಮಾಡಿ, ಶಬ್ದ ರೂಢಿಯಾದ ಮೇಲೆ ಹಿಂಬದಿಯನ್ನು ಮಗುವಿನ ಅಂಗೈಗೆ ತಾಗಿಸಬಹುದು. ಎರಡು ಮೂರು ವರ್ಷದ ಮಗುವಿಗೆ ಏನು ನಡೆಯಲಿದೆ ಎಂಬುದನ್ನು ಸರಳ ಮಾತಿನಲ್ಲಿ ಹೇಳಬೇಕು. ಗೊಂಬೆಗೆ ಕ್ಷೌರ ಮಾಡುವ ಆಟ ಇದಕ್ಕೆ ನೆರವಾಗುತ್ತದೆ. ಹಟ ಮಾಡಿದರೆ ಕಿವಿ ಕತ್ತರಿಸುತ್ತಾರೆ ಎಂದು ತಮಾಷೆಗೆ ಹೆದರಿಸುವ ಅಭ್ಯಾಸ ಅನೇಕ ಮನೆಗಳಲ್ಲಿದೆ. ಮಗು ಅದನ್ನು ತಮಾಷೆಯೆಂದು ತಿಳಿಯುವುದಿಲ್ಲ.

ನಿದ್ದೆ ಮುಗಿಸಿ, ಹೊಟ್ಟೆ ತುಂಬಿದ ಸಮಯವನ್ನು ಆರಿಸಿಕೊಳ್ಳಬೇಕು. ಕ್ಷೇತ್ರಗಳಲ್ಲಿ ಸರತಿಯ ಸಾಲು ದೀರ್ಘವಾಗಿರಬಹುದಾದ್ದರಿಂದ ಹಾಲು, ನೀರು, ಮೆಚ್ಚಿನ ಆಟಿಕೆಗಳನ್ನು ಜೊತೆಗಿಟ್ಟುಕೊಳ್ಳುವುದು ಅವಶ್ಯಕ. ಮಗುವನ್ನು ಹಿಡಿದುಕೊಳ್ಳುವವರು ಅದಕ್ಕೆ ಚೆನ್ನಾಗಿ ಪರಿಚಿತರಾಗಿರಬೇಕು. ಬೇರೆ ಊರಿನಲ್ಲಿರುವ ಸೋದರಮಾವ ಅಂದೇ ಮೊದಲು ಮಗುವನ್ನು ಎತ್ತಿಕೊಳ್ಳುವಂತಿದ್ದರೆ, ಅವನು ಶಾಸ್ತ್ರಕ್ಕೆ ಒಂದು ಎಳೆ ಕತ್ತರಿಸಿ ಮಗುವನ್ನು ತಾಯಿಯ ಮಡಿಲಿಗೆ ಕೊಡುವುದು ಲೇಸು. ಮಗು ಕೊಸರಾಡತೊಡಗಿದಾಗ ಕತ್ತಿ ಆಡಿಸುವುದು ಅಪಾಯಕರ. ಅಂಥ ವೇಳೆ ಕ್ಷೌರಿಕರು ಕೈ ತಡೆದು ಕಾಯಬೇಕು. ಅಂದು ಮೂರೋ ಐದೋ ಎಳೆಗಳನ್ನಷ್ಟೇ ಕತ್ತರಿಸಿ ಶಾಸ್ತ್ರ ಮುಗಿಸಿ, ಉಳಿದುದನ್ನು ಬೇರೊಂದು ದಿನ ಮನೆಯಲ್ಲಿ ತೆಗೆಸುವ ಕುಟುಂಬಗಳೂ ಇವೆ.

ಆಟಿಸಂ ಇರುವ ಮಕ್ಕಳಲ್ಲಿ ಸ್ಪರ್ಶ ಮತ್ತು ಶಬ್ದಗಳ ಸಂವೇದನೆ ಅತಿಯಾಗಿರುವುದುಂಟು. ಅವರಿಗೆ ಕ್ಷೌರವು ನಿಜವಾದ ಯಾತನೆಯಾಗಬಹುದು. ಹಂತಹಂತವಾಗಿ, ಚಿತ್ರಗಳ ಸಹಾಯದಿಂದ, ಒಂದೇ ಜಾಗ ಮತ್ತು ಒಬ್ಬರೇ ಕ್ಷೌರಿಕರೊಂದಿಗೆ ರೂಢಿಮಾಡಿಸುವುದು ಇಲ್ಲಿ ಉಪಯುಕ್ತ. ಇದನ್ನು ಮೊಂಡುತನವೆಂದು ಭಾವಿಸಿ ಬಲವಂತಪಡಿಸಿದರೆ ಮುಂದಿನ ಪ್ರತಿ ಕ್ಷೌರವೂ ಕಷ್ಟವಾಗುತ್ತದೆ.

ಆರೋಗ್ಯದ ಎಚ್ಚರಿಕೆಗಳು

ಶಿಶುವಿನ ನೆತ್ತಿಯ ಮುಂಭಾಗದ ಮೆದು ಜಾಗವು ಸಾಮಾನ್ಯವಾಗಿ 12ರಿಂದ 18 ತಿಂಗಳ ಹೊತ್ತಿಗೆ ಮುಚ್ಚಿಕೊಳ್ಳುತ್ತದೆ. ಅದಕ್ಕೂ ಮೊದಲು ಕ್ಷೌರ ಮಾಡುವಾಗ ಆ ಭಾಗವನ್ನು ಒತ್ತಬಾರದು. ನೆತ್ತಿಯಲ್ಲಿ ಹೊಟ್ಟಿನ ಪದರ ಕಟ್ಟಿದ್ದರೆ ಎಣ್ಣೆ ಹಚ್ಚಿ ಮೆದುಗೊಳಿಸಿ ತೊಳೆಯಬೇಕು, ಕತ್ತಿಯಿಂದ ಕೆರೆಯಬಾರದು. ಗಾಯ, ಕಜ್ಜಿ ಅಥವಾ ಜ್ವರವಿದ್ದರೆ ದಿನವನ್ನು ಮುಂದೂಡುವುದೇ ಸರಿ.

ಒಬ್ಬರಿಗೆ ಬಳಸಿದ ಬ್ಲೇಡನ್ನು ಮತ್ತೊಬ್ಬರಿಗೆ ಬಳಸಿದರೆ ಸಣ್ಣ ಗಾಯದ ಮೂಲಕವೂ ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ ಮತ್ತು ಎಚ್‌ಐವಿ ವೈರಾಣುಗಳು ಹರಡುವ ಸಾಧ್ಯತೆಯಿದೆ. ಹೊಸ ಬ್ಲೇಡನ್ನು ಪಾಲಕರ ಕಣ್ಣೆದುರೇ ತೆರೆದು ಹಾಕಿಸಬೇಕು. ಮನೆಯಿಂದಲೇ ಒಯ್ಯುವುದು ಇನ್ನೂ ಸುರಕ್ಷಿತ. ಎಲ್ಲರ ತಲೆಗೂ ಉಜ್ಜಿದ ಪಟಿಕದ ಕಲ್ಲನ್ನು ಮಗುವಿಗೆ ಉಜ್ಜಲು ಬಿಡಬಾರದು. ಕ್ಷೌರದ ನಂತರ ಬೆಚ್ಚಗಿನ ನೀರಿನ ಸ್ನಾನ ಮಾಡಿಸಿ, ಚರ್ಮ ಕೆಂಪಾಗಿಲ್ಲದಿದ್ದರೆ ತೆಳುವಾಗಿ ಗಂಧ ಹಚ್ಚುವುದು ವಾಡಿಕೆ. ಬೋಳುತಲೆಗೆ ಬಿಸಿಲು ಬೇಗ ತಾಗುವುದರಿಂದ ಹತ್ತಿಯ ಟೋಪಿ ಹಾಕಬೇಕು. ಕನ್ನಡಿಯಲ್ಲಿ ತನ್ನನ್ನು ಕಂಡು ಮಗು ಗಲಿಬಿಲಿಗೊಳ್ಳುವುದೂ ಸಾಮಾನ್ಯ.

ಕೂದಲಿನ ಬೆಳವಣಿಗೆಯ ನಂಬಿಕೆ

ಜಾವಳ ತೆಗೆಸಿದರೆ ಕೂದಲು ದಟ್ಟವಾಗಿ ಬೆಳೆಯುತ್ತದೆ ಎಂಬ ನಂಬಿಕೆ ವ್ಯಾಪಕವಾಗಿದೆ. ಕೂದಲಿನ ದಪ್ಪ, ಬಣ್ಣ ಮತ್ತು ಬೆಳವಣಿಗೆಯ ವೇಗ ಚರ್ಮದ ಒಳಗಿರುವ ಬುಡದಲ್ಲಿ ನಿರ್ಧಾರವಾಗುತ್ತವೆ. ಮೇಲಿನ ಕೂದಲನ್ನು ಬೋಳಿಸಿದರೆ ಬುಡಕ್ಕೆ ಯಾವ ಬದಲಾವಣೆಯೂ ಆಗದು. ಅಮೆರಿಕದ ಅಂಗರಚನಾಶಾಸ್ತ್ರಜ್ಞೆ ಮಿಲ್ಡ್ರೆಡ್ ಟ್ರಾಟರ್ 1928ರಲ್ಲಿ ಪ್ರಕಟಿಸಿದ ಅಧ್ಯಯನವು ಗಡ್ಡದ ಕೂದಲಿನ ವಿಷಯದಲ್ಲಿ ಇದನ್ನು ತೋರಿಸಿಕೊಟ್ಟಿತು. ಹೊಸದಾಗಿ ಮೂಡುವ ಕೂದಲಿನ ತುದಿ ಚೂಪಾಗಿರದೆ ಮೊಂಡಾಗಿರುವುದರಿಂದ ಕೈಗೆ ಒರಟಾಗಿ, ಕಣ್ಣಿಗೆ ದಟ್ಟವಾಗಿ ಕಾಣುತ್ತದೆ. ಶಿಶುವಿನ ನಯವಾದ ಹುಟ್ಟುಗೂದಲು ಮೊದಲ ವರ್ಷದಲ್ಲಿ ತಾನಾಗಿಯೇ ಉದುರಿ ಬೇರೆ ಕೂದಲು ಬರುತ್ತದೆ. ಅದರ ಶ್ರೇಯಸ್ಸು ಜಾವಳಕ್ಕೆ ಸಂದಿದೆ.

ಇತರ ಧರ್ಮಗಳಲ್ಲಿ

ಮುಸ್ಲಿಮರಲ್ಲಿ ಮಗು ಹುಟ್ಟಿದ 7ನೆಯ ದಿನ ಅಕೀಕಾ ಸಂದರ್ಭದಲ್ಲಿ ತಲೆಗೂದಲು ತೆಗೆದು, ಅದರ ತೂಕದಷ್ಟು ಬೆಳ್ಳಿ ಅಥವಾ ಅದರ ಬೆಲೆಯನ್ನು ದಾನ ಮಾಡುವ ಪದ್ಧತಿಯಿದೆ. ಕರ್ನಾಟಕದ ಮುಸ್ಲಿಂ ಕುಟುಂಬಗಳಲ್ಲಿಯೂ ಇದು ರೂಢಿಯಲ್ಲಿದೆ. ಸಂಪ್ರದಾಯಸ್ಥ ಯಹೂದಿಗಳ ಕೆಲವು ಪಂಗಡಗಳಲ್ಲಿ ಗಂಡುಮಗುವಿಗೆ 3 ವರ್ಷ ತುಂಬಿದಾಗ ‘ಉಪ್ಶೆರಿನ್’ ಎಂಬ ಮೊದಲ ಕ್ಷೌರ ನಡೆಯುತ್ತದೆ. ಅಲ್ಲಿ ಬಂದ ಅತಿಥಿಗಳೆಲ್ಲರೂ ಒಂದೊಂದು ಎಳೆ ಕತ್ತರಿಸುತ್ತಾರೆ.