ಮಡಿಯ ಮರೆಯ ಗೀಳು

ಮಡಿ ಎಂದರೆ ಒಗೆದ ಬಟ್ಟೆ. ಮಡಿವಾಳನ ಹೆಸರಿನಲ್ಲಿ ಆ ಅರ್ಥ ಉಳಿದಿದೆ. ಅದೇ ಮಾತು ಆಚಾರಕ್ಕೂ ಹೆಸರಾದುದರಿಂದ ನಮ್ಮಲ್ಲೊಂದು ಕಾಯಿಲೆ ಬಹುಕಾಲ ಮರೆಯಲ್ಲೇ ಇತ್ತು. ಗುಂಡ್ಲುಪೇಟೆಯ ನನ್ನ ಸೋದರತ್ತೆ ಒಂದೊಂದು ಕೊಡವನ್ನೂ ಹತ್ತಾರು ಬಾರಿ ತೊಳೆಯುತ್ತಿದ್ದರು. ಒಲೆ ಹೊತ್ತುವಾಗ ಮಧ್ಯಾಹ್ನ ಕಳೆದಿರುತ್ತಿತ್ತು. 'ಬಲು ಮಡಿವಂತೆ' ಎಂದು ಊರು ಕೈಮುಗಿಯಿತು. ಬಿರಿದ ಅಂಗೈಗಳನ್ನು ಯಾರೂ ನೋಡಲಿಲ್ಲ.

ಆಚಾರಕ್ಕೆ ಕೊನೆಯುಂಟು, ಸ್ನಾನವಾದರೆ ಮುಗಿಯಿತು. ಗೀಳಿಗೆ ಅದಿಲ್ಲ. ಅರ್ಥವಿಲ್ಲವೆಂದು ತಿಳಿದೂ ಮಾಡದಿರಲಾಗದು. ಚಾಮರಾಜನಗರದ ಬಸ್ಸಿಗೆ ಹೊರಟವನು ಬೀಗವನ್ನು ಎಳೆದು ನೋಡಲು ಮತ್ತೆ ಮತ್ತೆ ಹಿಂತಿರುಗಿ ಬಸ್ಸನ್ನೂ, ಕೊನೆಗೆ ನೌಕರಿಯನ್ನೂ ಕಳೆದುಕೊಳ್ಳುವುದುಂಟು.

ಇದು ನಮ್ಮ ಆಚಾರದಿಂದ ಹುಟ್ಟಿದ ರೋಗವಲ್ಲ. ಪರರ ಸೊತ್ತೇನಾದರೂ ಅಂಟಿತೇ ಎಂದು ಕೈ ಉಜ್ಜಿಕೊಳ್ಳುತ್ತಿದ್ದ ಮಹಿಳೆಯೊಬ್ಬಳನ್ನು ಫ್ರಾನ್ಸಿನ ವೈದ್ಯ ಎಸ್ಕಿರೋಲ್ 1838ರಲ್ಲೇ ವರ್ಣಿಸಿದ್ದಾನೆ. ಕೈತೊಳೆಯದೆ ಭಯವನ್ನು ತಾಳಿಕೊಳ್ಳುವ ಅಭ್ಯಾಸದಿಂದ ಗುಣವಾಗುವುದನ್ನು ಲಂಡನ್ನಿನ ವಿಕ್ಟರ್ ಮೇಯರ್ 1966ರಲ್ಲಿ ತೋರಿಸಿದ. ಔಷಧಿಗಳೂ ಬಂದುವು. ಬೆಂಗಳೂರಿನಲ್ಲಿ 1954ರಲ್ಲಿ ಆರಂಭವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯೂ ಅಲ್ಲಿನ ಮಾನಸಿಕ ಆಸ್ಪತ್ರೆಯೂ 1974ರಲ್ಲಿ ಕೂಡಿ ನಿಮ್ಹಾನ್ಸ್ ಆದುವು. ಅಲ್ಲಿ ಈ ಗೀಳಿಗೇ ಪ್ರತ್ಯೇಕ ಚಿಕಿತ್ಸಾ ವಿಭಾಗವಿದೆ. 1997ರಲ್ಲಿ ಮೈಸೂರಿನಿಂದ ಬೇರ್ಪಟ್ಟ ನಮ್ಮ ಜಿಲ್ಲೆಯಲ್ಲಿ 2016ರಿಂದ ವೈದ್ಯಕೀಯ ಕಾಲೇಜೂ ಇದೆ.

ಹಾಗಾದರೆ ಮಡಿಯಾವುದು, ರೋಗವಾವುದು? ವೈದ್ಯರ ಅಳತೆ ಸರಳವಾದುದು: ದಿನಕ್ಕೆ ಒಂದು ಗಂಟೆಗೂ ಮಿಕ್ಕಿ ಹೊತ್ತು ಹೋಗುತ್ತಿದೆಯೆ? ಅನ್ನ, ನಿದ್ದೆ, ದುಡಿಮೆ ಕೆಡುತ್ತಿವೆಯೆ? ಹೌದೆಂದಾದರೆ ಮನೆಯವರು ಹೊಗಳುವುದೂ ಬೇಡ, ಗದರುವುದೂ ಬೇಡ. ಕರೆದುಕೊಂಡು ಹೋಗಿ ವೈದ್ಯರಿಗೆ ತೋರಿಸಲಿ.