ವೆಬ್ ಸರ್ವರ್ ಅಭಿವೃದ್ಧಿ ಪರಿಸರ

ವೆಬ್ ಸರ್ವರ್ ಅಭಿವೃದ್ಧಿ ಪರಿಸರ ಎಂದರೆ ಜಾಲತಾಣವನ್ನು ನಿರ್ಮಿಸುವ ಅಥವಾ ತಿದ್ದುವ ತಂತ್ರಾಂಶ ತಂಡದಲ್ಲಿ ಪ್ರತಿಯೊಬ್ಬ ಡೆವಲಪರ್‌ಗೂ ಪ್ರತ್ಯೇಕವಾಗಿ ಒದಗಿಸುವ ಕೆಲಸದ ವ್ಯವಸ್ಥೆ. ತಾಣದ ಕಡತಗಳ ಒಂದು ಪ್ರತಿ, ವೆಬ್ ಸರ್ವರ್‌ನ ಸೆಟ್ಟಿಂಗ್‌ಗಳು ಹಾಗೂ ದತ್ತಸಂಚಯ ಇದರ ಮುಖ್ಯ ಅಂಗಗಳು. ಸಾರ್ವಜನಿಕರು ಬಳಸುವ ಸರ್ವರ್‌ನಿಂದ ಇದನ್ನು ಬೇರೆಯಾಗಿ ಇರಿಸಲಾಗುತ್ತದೆ.

ಅಗತ್ಯ

ಹಲವರು ಒಂದೇ ಪ್ರತಿಯಲ್ಲಿ ಕೆಲಸ ಮಾಡಿದಾಗ ಒಬ್ಬರ ತಿದ್ದುಪಡಿ ಇನ್ನೊಬ್ಬರಿಂದ ಅಳಿಸಿಹೋಗಬಹುದು. ಸೆಟ್ಟಿಂಗ್ ಕಡತದ ಒಂದು ಸಾಲು ತಪ್ಪಾದರೂ ಸರ್ವರ್ ಮತ್ತೆ ಆರಂಭವಾಗದೆ ಇಡೀ ತಂಡದ ಕೆಲಸ ನಿಲ್ಲಬಹುದು. ದೋಷವು ಯಾರ ಬದಲಾವಣೆಯಿಂದ ಉಂಟಾಯಿತೆಂದು ಗುರುತಿಸುವುದೂ ಕಷ್ಟವಾಗುತ್ತದೆ.

ವಿಧಾನಗಳು

ಪ್ರತ್ಯೇಕ ಪೋರ್ಟ್: ಎಚ್‌ಟಿಟಿಪಿಗೆ ನಿಗದಿಯಾದ ಪೋರ್ಟ್ ಸಂಖ್ಯೆ 80. ಇದರ ಬದಲಿಗೆ ಒಂದೇ ಗಣಕದಲ್ಲಿ ಒಬ್ಬರು 8081, ಮತ್ತೊಬ್ಬರು 8082 ಎಂಬಂತೆ ಬೇರೆ ಬೇರೆ ಪೋರ್ಟ್‌ಗಳಲ್ಲಿ ತಮ್ಮದೇ ಸರ್ವರ್ ನಡೆಸಬಹುದು. ಯುನಿಕ್ಸ್ ಮಾದರಿಯ ವ್ಯವಸ್ಥೆಗಳಲ್ಲಿ 1024ಕ್ಕಿಂತ ಕೆಳಗಿನ ಪೋರ್ಟ್‌ಗಳಿಗೆ ಸಾಮಾನ್ಯವಾಗಿ ನಿರ್ವಾಹಕರ ಅಧಿಕಾರ ಬೇಕು, ಮೇಲಿನವುಗಳಿಗೆ ಬೇಕಿಲ್ಲ. ಒಬ್ಬರ ಸರ್ವರ್ ನಿಂತರೂ ಉಳಿದವರ ಸರ್ವರ್‌ಗಳು ನಡೆಯುತ್ತಿರುತ್ತವೆ.

ವರ್ಚುವಲ್ ಹೋಸ್ಟ್: ಅಪಾಚೆಯಂತಹ ಒಂದೇ ಸರ್ವರ್ ಹಲವು ಹೆಸರುಗಳ ತಾಣಗಳನ್ನು ಒದಗಿಸುವ ಕ್ರಮವಿದು. ಬ್ರೌಸರ್ ಕಳುಹಿಸುವ ಕೋರಿಕೆಯಲ್ಲಿ ತಾಣದ ಹೆಸರು ಇರುವುದನ್ನು 1997ರಲ್ಲಿ ಪ್ರಕಟವಾದ ಎಚ್‌ಟಿಟಿಪಿ 1.1 ಕಡ್ಡಾಯಗೊಳಿಸಿತು, ಆ ಹೆಸರನ್ನು ನೋಡಿ ಸರ್ವರ್ ಸೂಕ್ತ ಕಡತಕೋಶವನ್ನು ಆರಿಸುತ್ತದೆ. ಪ್ರಯೋಗದ ಹೆಸರುಗಳಿಗಾಗಿ ‘.ಟೆಸ್ಟ್’ ಎಂಬ ಅಂತ್ಯವನ್ನು 1999ರಿಂದ ಮೀಸಲಿಡಲಾಗಿದೆ. ಈ ವಿಧಾನದಲ್ಲಿ ಕಡತಗಳು ಬೇರೆಯಾದರೂ ಸರ್ವರ್ ಒಂದೇ ಆಗಿರುವುದರಿಂದ, ಅದು ನಿಂತರೆ ಎಲ್ಲರ ತಾಣಗಳೂ ನಿಲ್ಲುತ್ತವೆ.

ವರ್ಚುವಲ್ ಯಂತ್ರ ಮತ್ತು ಕಂಟೇನರ್: ವರ್ಚುವಲ್ ಯಂತ್ರದಲ್ಲಿ ಪ್ರತಿಯೊಬ್ಬರಿಗೂ ಸ್ವತಂತ್ರ ಕಾರ್ಯಾಚರಣ ವ್ಯವಸ್ಥೆ ಇರುತ್ತದೆ. ಕಂಟೇನರ್‌ಗಳು ಆತಿಥೇಯ ಗಣಕದ ಕರ್ನಲ್ ಅನ್ನೇ ಹಂಚಿಕೊಳ್ಳುವುದರಿಂದ ಹಗುರವಾಗಿದ್ದು, ಬೇಗನೆ ಆರಂಭವಾಗುತ್ತವೆ. 2013ರಲ್ಲಿ ಬಿಡುಗಡೆಯಾದ ಡಾಕರ್ ಈ ಪದ್ಧತಿಯನ್ನು ಜನಪ್ರಿಯಗೊಳಿಸಿತು. ಬೇಕಾದ ತಂತ್ರಾಂಶಗಳನ್ನೂ ಅವುಗಳ ಆವೃತ್ತಿಗಳನ್ನೂ ಒಂದು ಪಠ್ಯ ಕಡತದಲ್ಲಿ ನಮೂದಿಸಿದರೆ, ತಂಡದ ಹೊಸ ಸದಸ್ಯರೂ ಅಂತಹುದೇ ಪರಿಸರವನ್ನು ಪಡೆಯಬಹುದು.

ಮುನ್ನೆಚ್ಚರಿಕೆಗಳು

ಅಭಿವೃದ್ಧಿ ಪರಿಸರಕ್ಕೆ ಬಳಕೆದಾರರ ನೈಜ ಹೆಸರು, ದೂರವಾಣಿ ಸಂಖ್ಯೆಗಳನ್ನು ನಕಲಿಸಿದರೆ ಆ ಮಾಹಿತಿ ಸೋರಿಕೆಯಾಗುವ ಅಪಾಯವಿದೆ. ಆದ್ದರಿಂದ ಕೃತಕ ದತ್ತಾಂಶದ ಬಳಕೆ ಸೂಕ್ತ. ಪ್ರಯೋಗದ ಮಿಂಚಂಚೆಗಳು ನಿಜವಾದ ಗ್ರಾಹಕರಿಗೆ ಹೋಗದಂತೆ ತಡೆಯಬೇಕು. ಪ್ರತ್ಯೇಕ ಪರಿಸರಗಳಲ್ಲಿ ಸಿದ್ಧವಾದ ಬದಲಾವಣೆಗಳನ್ನು ಗಿಟ್‌ನಂತಹ ಆವೃತ್ತಿ ನಿಯಂತ್ರಣ ವ್ಯವಸ್ಥೆಯ ಮೂಲಕ ಒಗ್ಗೂಡಿಸಿ, ಸಾರ್ವಜನಿಕ ಸರ್ವರ್‌ಗೆ ಸಮನಾದ ಪೂರ್ವಪರೀಕ್ಷಾ ಸರ್ವರ್‌ನಲ್ಲಿ ಪರಿಶೀಲಿಸಿದ ಬಳಿಕವೇ ಬಿಡುಗಡೆ ಮಾಡುವುದು ರೂಢಿಯಲ್ಲಿದೆ.