ಬರಹದ ಗಂಟು ಹೊತ್ತು ನಡೆದವರು

ಬರವಣಿಗೆ ಒಬ್ಬಂಟಿಯಾಗಿಯೇ ಕುಳಿತು ಮಾಡುವ ಕೆಲಸ. ಆದರೆ ಬರೆದದ್ದನ್ನು ಓದುವವರೇ ಇಲ್ಲವಾದರೆ ಆ ಒಂಟಿತನ ಇನ್ನೂ ಕಠಿಣ. ಅದನ್ನು ಎದುರಿಸಿದ ಒಬ್ಬರ ಕಥೆ ಹಾವೇರಿ ಸೀಮೆಯಲ್ಲಿದೆ.

ಹೊಸರಿತ್ತಿಯ ಬದಿಯಲ್ಲಿ ಹರಿಯುವ ವರದಾ ನದಿ ಮುಂದೆ ಗಳಗನಾಥ ಗ್ರಾಮದ ಬಳಿ ತುಂಗಭದ್ರೆಯನ್ನು ಸೇರುತ್ತದೆ. ಶಾಲಾ ಶಿಕ್ಷಕರಾಗಿದ್ದ ವೆಂಕಟೇಶ ತಿರಕೋ ಕುಲಕರ್ಣಿಯವರು (1869–1942) ಕನ್ನಡಿಗರಿಗೆ ಪರಿಚಿತರಾದದ್ದು ಈ ಊರಿನ ಹೆಸರಿನಿಂದಲೇ. ಅಂದು ಈ ಭಾಗ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ವಿದ್ಯಾವಂತರ ಓದಿನಲ್ಲಿ ಮರಾಠಿಯೇ ಪ್ರಬಲ. ಕನ್ನಡ ಕಾದಂಬರಿಗೆ ಓದುಗರು ಸಿದ್ಧವಾಗಿ ಕಾದಿರಲಿಲ್ಲ. ಅವರನ್ನು ಲೇಖಕನೇ ಹುಡುಕಬೇಕಿತ್ತು.

ಗಳಗನಾಥರು ಎರಡು ದಾರಿ ಹಿಡಿದರು. ಮೊದಲನೆಯದು ಪತ್ರಿಕೆ. 1907ರಲ್ಲಿ ಅಗಡಿಯ ಆನಂದವನದಿಂದ ಹೊರಟ ‘ಸದ್ಬೋಧ ಚಂದ್ರಿಕೆ’ ಮಾಸಪತ್ರಿಕೆಯ ಸಂಪಾದಕತ್ವ ವಹಿಸಿಕೊಂಡರು. ಎರಡನೆಯದು ನಡಿಗೆ. ತಮ್ಮ ಪುಸ್ತಕಗಳ ಗಂಟನ್ನು ತಾವೇ ಹೊತ್ತು, ಊರೂರು ತಿರುಗಿ ಮಾರಿದರು. ಇದರಿಂದ ಅವರೇನೂ ಸಿರಿವಂತರಾಗಲಿಲ್ಲ. ಆದರೆ ಮನೆಬಾಗಿಲಲ್ಲಿ ಓದುಗನ ಮುಖ ಕಂಡು ಬಂದ ಲೇಖಕ ಮತ್ತೆ ಬರೆಯಲು ಕುಳಿತಾಗ, ಕೋಣೆಯಲ್ಲಿ ಒಬ್ಬನೇ ಇದ್ದರೂ ಒಂಟಿಯಾಗಿರುತ್ತಾನೆಯೇ? ನೀವೇ ಯೋಚಿಸಿ.

ಅವರು ಬರೆದ ವಸ್ತುವೂ ಗಮನಾರ್ಹ. ‘ಮಾಧವ ಕರುಣಾವಿಲಾಸ’ದಲ್ಲಿ ವಿಜಯನಗರದ ಸ್ಥಾಪನೆಯ ಕಥೆಯಿದೆ. ಹಲವು ಆಡಳಿತಗಳಲ್ಲಿ ಹಂಚಿಹೋಗಿ, ಒಬ್ಬರಿಗೊಬ್ಬರು ದೂರವಾಗಿದ್ದ ಕನ್ನಡಿಗರಿಗೆ ಇಂಥ ಕಥೆಗಳು ಸಮಾನ ನೆನಪೊಂದನ್ನು ಕೊಟ್ಟವು. ಕನ್ನಡ ನಾಡು ಒಂದಾದದ್ದು 1956ರಲ್ಲಿ. ಅದನ್ನು ನೋಡಲು ಗಳಗನಾಥರು ಇರಲಿಲ್ಲ.

ನಿಮ್ಮಲ್ಲಿಯೂ ಬರೆದು ಬಚ್ಚಿಡುವವರಿರಬಹುದು. ಬರೆಯುವಾಗ ಏಕಾಂತ ಬೇಕು. ಬರೆದಾದ ಮೇಲೆ ಮಾತ್ರ ಒಂದು ಬಾಗಿಲನ್ನಾದರೂ ತಟ್ಟಿ.